ಚಕಚಕಣ್ಣನ ವೀಕೆಂಡು

ಕಟಿಂಗ್ ಶಾಪಿನ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ಚಕಚಕಣ್ಣ. ಕೂದಲು ಕತ್ತರಿಸುವಾಗಷ್ಟೇ ಅಲ್ಲ, ಗಿರಾಕಿಯ ತಲೆ ನೋಡುತ್ತ ಯೋಚಿಸುವಾಗಲೂ ಅವನ ಕತ್ತರಿ ಬರೀ ಗಾಳಿಯಲ್ಲಿ ಚಕಚಕ ಅನ್ನುತ್ತಲೇ ಇರುತ್ತದೆ. ಬಾಯಿಯೂ ಹಾಗೆಯೇ. ಮಳೆ, ಚುನಾವಣೆ, ಪಕ್ಕದ ಮನೆಯ ಜಗಳ, ಯಾವುದರ ಬಗ್ಗೆ ಕೇಳಿದರೂ ಅವನದೊಂದು ಅಭಿಪ್ರಾಯ ತಯಾರಾಗಿರುತ್ತದೆ. ಒಂದು ಮಾತು ಕಿವಿಗೆ ಬಿದ್ದರೆ ಮಾತ್ರ ಕತ್ತರಿ, ಬಾಯಿ ಎರಡೂ ನಿಂತುಬಿಡುತ್ತವೆ. ಆ ಮಾತು ವೀಕೆಂಡು.

ಪೇಪರಿನವರು ಅದನ್ನು ವಾರಾಂತ್ಯ ಎಂದು ಬರೆಯುತ್ತಾರೆ. ಹಾಗೆಂದು ಬಾಯಿಬಿಟ್ಟು ಹೇಳಿದವರನ್ನು ಯಾರೂ ಕಂಡಿಲ್ಲ. ಅಂತ್ಯ ಅಂದರೆ ಯಾರೋ ತೀರಿಕೊಂಡ ಹಾಗೆ ಕೇಳಿಸುತ್ತದೆ. ವೀಕೆಂಡು ಅನ್ನಿ, ಮುಖ ಊರಗಲವಾಗುತ್ತದೆ. ‘ವೀಕೆಂಡ್ ಸಿಗೋಣ’ ಅಂದರೆ ಸಿಗುವುದಿಲ್ಲ ಎಂದರ್ಥ. ‘ವೀಕೆಂಡಲ್ಲಿ ಮಾಡ್ತೀನಿ’ ಅಂದರೆ ಆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ. ಇದನ್ನೆಲ್ಲ ಚಕಚಕಣ್ಣ ಕುರ್ಚಿಯ ಹಿಂದೆ ನಿಂತು ಕೇಳಿ ಕೇಳಿ ಅರೆದು ಕುಡಿದಿದ್ದಾನೆ. ಅನುಭವ ಮಾತ್ರ ಸೊನ್ನೆ. ಊರಿಗೆಲ್ಲ ರಜೆ ಬಂದ ದಿನವೇ ತಮ್ಮ ಕೂದಲು ಉದ್ದವಾಗಿರುವುದು ಜನರಿಗೆ ನೆನಪಾಗುತ್ತದೆ. ಶನಿವಾರ, ಭಾನುವಾರ ಅವನ ಅಂಗಡಿಯ ಬೆಂಚಿನ ಮೇಲೆ ನೊಣ ಕೂರುವುದಕ್ಕೂ ಜಾಗವಿಲ್ಲ. ಅವನ ರಜೆ ಮಂಗಳವಾರ.

ಮಂಗಳವಾರ ಹೆಂಡತಿ ಬೆಳಿಗ್ಗೆಯೇ ಕೆಲಸಕ್ಕೆ ಹೊರಡುತ್ತಾಳೆ. ಅವಳು ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ಒಬ್ಬಳೇ ಮಗಳು ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಮನೆಯಲ್ಲಿ ಉಳಿಯುವುದು ಅವನು ಮತ್ತು ಸೋರುವ ನಲ್ಲಿ. ನಲ್ಲಿ ರಿಪೇರಿ ಮಾಡುತ್ತಾನೆ, ಫ್ಯಾನಿನ ಧೂಳು ಒರೆಸುತ್ತಾನೆ, ಬಿಸಿ ಮಾಡಿಕೊಂಡು ಉಣ್ಣುತ್ತಾನೆ. ಮಾತಾಡೋಣವೆಂದರೆ ಗೋಡೆ. ರಜೆ ಅನ್ನುವುದು ಒಬ್ಬನೇ ತಿನ್ನುವ ಪದಾರ್ಥವಲ್ಲ ಎಂದು ಅವನಿಗೆ ಅರ್ಥವಾದದ್ದು ಅಂಥ ಮಧ್ಯಾಹ್ನಗಳಲ್ಲಿ.

ಮಗಳು ಬರುತ್ತಿದ್ದದ್ದು ಶನಿವಾರ ಸಂಜೆ. ಅವನು ಅಂಗಡಿ ಗುಡಿಸಿ ಶಟರ್ ಎಳೆದು ಮನೆಗೆ ಬರುವಷ್ಟರಲ್ಲಿ ಅವಳಿಗೆ ನಿದ್ದೆ. ಭಾನುವಾರ ಅವನು ಹೊರಡುವಾಗಲೂ ನಿದ್ದೆ. ಮಧ್ಯಾಹ್ನ ಅವಳ ಬಸ್ಸು ಅಂಗಡಿಯ ಮುಂದೆಯೇ ಹಾದು ಹೋಗುತ್ತಿತ್ತು. ಅವಳು ಕಿಟಕಿಯಿಂದ ಕೈ ಬೀಸುತ್ತಿದ್ದಳು. ಇವನ ಎಡಗೈ ಯಾರದೋ ಗಲ್ಲ ಹಿಡಿದಿರುತ್ತಿತ್ತು, ಬಲಗೈಯಲ್ಲಿ ರೇಜರ್. ಮೊಣಕೈ ಎತ್ತಿ ಆಡಿಸುತ್ತಿದ್ದ. ಗಿರಾಕಿ, “ಅಣ್ಣಾ, ಕತ್ತು ಜೋಪಾನ” ಎಂದು ಬೆದರುತ್ತಿದ್ದ.

ಆಮೇಲೆ ಮನೆಗೆ ಬಂದರೆ ತಾಯಿ ಮಗಳ ಕತೆಗಳಷ್ಟೇ ಉಳಿದಿರುತ್ತಿದ್ದವು. ಹೆಂಡತಿ ಏನನ್ನೋ ನೆನೆದು ಒಬ್ಬಳೇ ನಗುತ್ತಿದ್ದಳು.

“ಏನೇ ಅದು, ನನಗೂ ಹೇಳು.”

“ಅಯ್ಯೋ, ಹೇಳಿದ್ರೆ ನಗು ಬರಲ್ಲ ರೀ. ನೀವು ಅಲ್ಲಿ ಇರಬೇಕಿತ್ತು.”

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಅವನಿಗೆ ಚುಚ್ಚುತ್ತಿತ್ತು. ತನ್ನ ಮನೆಯ ನಗುವಿಗೆ ತಾನೇ ಹೊರಗಿನವನಾದೆನಲ್ಲ ಅನ್ನಿಸುತ್ತಿತ್ತು.

ಒಮ್ಮೆ ಹಟ ಹಿಡಿದು ಭಾನುವಾರವೇ ಅಂಗಡಿ ಮುಚ್ಚಿದ. ಹೋದದ್ದು ಹೋಗಲಿ, ಒಂದು ದಿನ ನನಗೂ ವೀಕೆಂಡ್ ಇರಲಿ ಎಂದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಮಗಳ ಎದುರು ಕೂತ. “ಹೇಳು ಪುಟ್ಟಿ, ಹಾಸ್ಟೆಲಲ್ಲಿ ಏನು ಸಮಾಚಾರ?” ಅನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಹಾಲಿನವನು. ಹಾಲು ತಂದಿರಲಿಲ್ಲ, ತಲೆ ತಂದಿದ್ದ. “ಮನೇಲೇ ಇದ್ದೀರಲ್ಲ ಅಣ್ಣ, ಸೈಡು ಮಾತ್ರ ಒಂಚೂರು ಹೊಡೆದುಬಿಡಿ.” ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಹಿತ್ತಲಿನಲ್ಲಿ ಸ್ಟೂಲು ಹಾಕಿದ್ದೇ ತಪ್ಪಾಯಿತು. ಸುದ್ದಿಗೆ ಕಾಲು ಬಂತು. ಅವನ ಹಿಂದೆ ಪೋಸ್ಟ್‌ಮನ್, ಅವನ ಹಿಂದೆ ಮನೆಯ ಓನರು. ಇಸ್ತ್ರಿ ಅಂಗಿಯ ಮೇಲೆಲ್ಲ ಕಂಡವರ ಕೂದಲು. ಕೊನೆಯವನ ಕತ್ತಿನ ಕೂದಲಪುಡಿ ಒರೆಸಿ ಒಳಗೆ ಬಂದರೆ ಮಗಳು ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು.

“ಬಸ್ಸಿಗೆ ಹೊತ್ತಾಯ್ತಪ್ಪ” ಎಂದಳು. ಹೊರಟವಳು ಮತ್ತೆ ಬಂದು ಅವನ ಅಂಗಿಯ ಮೇಲಿದ್ದ ಕೂದಲನ್ನು ಕೊಡವಿದಳು. “ನೀನು ಇನ್ನೊಂದ್ಸಲ ಹೀಗೆಲ್ಲ ಅಂಗಡಿ ಮುಚ್ಚಬೇಡ. ನಾನೇ ಏನಾದ್ರೂ ಮಾಡ್ತೀನಿ.”

ಅವನು ಅದನ್ನು ಮಕ್ಕಳ ಸಮಾಧಾನದ ಮಾತು ಎಂದುಕೊಂಡ.

ಓದು ಮುಗಿದು ಹಾಸ್ಟೆಲಿದ್ದ ಊರಿನ ಆಸ್ಪತ್ರೆಯಲ್ಲೇ ಅವಳಿಗೆ ಕೆಲಸವಾಯಿತು. ಗಂಡ ಹೆಂಡತಿ ಊಟಕ್ಕೆ ಕೂತಿದ್ದಾಗ ಫೋನು ಬಂತು. ಇಬ್ಬರಿಗೂ ಕೇಳಿಸಲೆಂದು ಫೋನನ್ನು ನಡುವೆ ಇಟ್ಟುಕೊಂಡರು.

“ಅಪ್ಪಾ, ವಾರಕ್ಕೊಂದು ರಜೆ. ಇಲ್ಲಿ ಭಾನುವಾರಕ್ಕೆ ಎಲ್ರೂ ಕಿತ್ತಾಡ್ತಾರೆ, ಮಂಗಳವಾರ ಅಂದ್ರೆ ಯಾರಿಗೂ ಬೇಡ. ನಾನೇ ಕೇಳಿ ತಗೊಂಡೆ. ಸೋಮವಾರ ರಾತ್ರಿ ಬಂದು ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ. ಇಷ್ಟು ವರ್ಷ ಅಮ್ಮಂದಾಯ್ತು, ಇನ್ಮೇಲೆ ನಿನ್ನ ಸರದಿ.”

ಚಕಚಕಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. “ಕೇಳಿದೆಯೇನೇ? ನನಗಂತ ಕೇಳಿ ತಗೊಂಡಳಂತೆ!” ಎಂದು ಹೆಂಡತಿಯ ಕಡೆ ತಿರುಗಿದ.

“ಕೇಳಿಸ್ತು. ಒಳ್ಳೇದೇ ಆಯ್ತಲ್ಲ” ಎಂದಳು ಅವಳು. ನಕ್ಕಳು ಕೂಡ. ಖುಷಿಯ ಭರದಲ್ಲಿ ಅವನು ಆ ನಗುವನ್ನು ಸರಿಯಾಗಿ ನೋಡಲಿಲ್ಲ.

ಮೊದಲ ಮಂಗಳವಾರ ಬಂತು. ಮಗಳು ಅಪರೂಪಕ್ಕೆ ಬೇಗ ಎದ್ದು ಮೂವರಿಗೂ ಚಹಾ ಮಾಡಿದಳು. ಅಪ್ಪನ ಪಕ್ಕದಲ್ಲೇ ಕಾಲು ಮಡಚಿ ಕೂತು, ವಾರ್ಡಿನ ಮುದುಕನೊಬ್ಬ ಚುಚ್ಚುಮದ್ದಿಗೆ ಹೆದರಿ ಮಂಚದ ಕೆಳಗೆ ಅವಿತುಕೊಂಡ ಕತೆಯನ್ನು ಅಭಿನಯಿಸಿ ತೋರಿಸತೊಡಗಿದಳು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಮೆಟ್ಟಿದ್ದ ಚಪ್ಪಲಿಯನ್ನು ಬಿಚ್ಚಿ, ಪಟ್ಟಿ ಸರಿಮಾಡಿ ಮತ್ತೆ ಮೆಟ್ಟಿದಳು. ಮುದುಕ ಹೊರಗೆ ಬಂದನೋ ಇಲ್ಲವೋ ಎಂದು ಅವಳಿಗೂ ತಿಳಿಯಬೇಕಿತ್ತು. ಕತೆ ಮುಗಿಯುವ ಹಾಗೆ ಕಾಣಲಿಲ್ಲ.

ಚಕಚಕಣ್ಣನ ನಗು ಅರ್ಧಕ್ಕೇ ನಿಂತಿತು. ಎದ್ದು ಬಾಗಿಲಿಗೆ ಹೋದ.

“ಇವತ್ತೊಂದಿನ ರಜೆ ಹಾಕೇ.”

“ಪರೀಕ್ಷೆ ಟೈಮು ರೀ. ಹೇಗೆ ಹಾಕ್ಲಿ?” ಎಂದು ಚೀಲ ಹೆಗಲಿಗೆ ಹಾಕಿಕೊಂಡಳು. “ಅವಳಿಗೆ ಹೊಟ್ಟೆ ತುಂಬ ಊಟ ಹಾಕಿ ಕಳಿಸಿ. ಬಡಿಸಿದಷ್ಟಕ್ಕೇ ಎದ್ದುಬಿಡ್ತಾಳೆ.”

ಅವಳು ಬೀದಿಗಿಳಿದು ನಡೆದಳು. ತಿರುಗಿ ನೋಡಲಿಲ್ಲ. ಎಷ್ಟೋ ಭಾನುವಾರ ಇದೇ ಬಾಗಿಲಿನಿಂದ ಇಳಿದು ಹೋಗುವಾಗ ಅವನೂ ತಿರುಗಿ ನೋಡಿರಲಿಲ್ಲ. ನೋಡಿದರೆ ಕಾಲು ಏಳುವುದಿಲ್ಲ. ಇಷ್ಟು ವರ್ಷ ಹಂಬಲಿಸಿದ್ದು ಈಗ ಒಳಗೆ ಚಹಾ ಕುಡಿಯುತ್ತ ಅವನಿಗಾಗಿ ಕಾಯುತ್ತಿತ್ತು. ಅದು ಬಂದದ್ದು ಹೆಂಡತಿಯ ಪಾಲಿನಿಂದ ಎಂಬುದು ಅವನಿಗೆ ಈಗ ಹೊಳೆಯಿತು.

“ಅಪ್ಪಾ, ಬಾರೋ, ಚಹಾ ಆರ್ತಾ ಇದೆ” ಎಂದು ಮಗಳು ಕೂಗಿದಳು.

“ಬಂದೆ ಪುಟ್ಟಿ” ಎಂದ. ಹೆಂಡತಿ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದ.