ವನಜಳ ಬೆಳ್ಳಿ ಡಾಲರ್

ಬೆಳ್ಳಿ ಡಾಲರ್ ನೆಲಕ್ಕೆ ಬಿದ್ದರೆ ಹೊರಡುವ ನಾದ ಬೇರೆ ನಾಣ್ಯಗಳಿಗಿಲ್ಲ. ನಿಂತ ಮೇಲೂ ಕಿವಿಯಲ್ಲಿ ಉಳಿಯುತ್ತದೆ. ಲಾಕ್‌ಡೌನ್‌ನ ಮೊದಲ ವಸಂತದಲ್ಲಿ, ದೂರದೇಶದ ಬ್ಯಾಲಿನ್‌ಕೊಲಿಗ್ ಎಂಬ ಊರಿನಲ್ಲಿರುವ ಮಗಳ ಮನೆಯಲ್ಲಿ, ನಾನು ಆನ್‌ಲೈನ್‌ನಲ್ಲಿ ತರಿಸಿದ ಹಳೆಯ ಡಾಲರೊಂದು ಲಕೋಟೆಯಿಂದ ಜಾರಿ ಅಡುಗೆಮನೆಯ ಟೈಲ್ಸ್ ಮೇಲೆ ಬಿತ್ತು. ಆಸ್ಪತ್ರೆಯ ಪಾಳಿಗೆ ಹೊರಟಿದ್ದ ಮಗಳು, "ಅಪ್ಪಾ, ಮುಟ್ಟಬೇಡಿ! ಗ್ಲೌಸ್ ಹಾಕ್ಕೊಳ್ಳಿ!" ಎಂದು ಕೂಗಿದಳು. ಪರವಾಗಿಲ್ಲ ಎನ್ನಲು ಇಲ್ಲಿಯವರ ಹಾಗೆ "ಗ್ರ್ಯಾಂಡ್, ಗ್ರ್ಯಾಂಡ್" ಎಂದೆ. ಆದರೆ ನನ್ನ ಕಾಲು ಆಗಲೇ ಹಿಂದೆ ಸರಿದಿತ್ತು. ಆ ಹಿಂಜರಿಕೆ ನನಗೆ ಹೊಸದಲ್ಲ.

ಮಂಗಳೂರಿನ ಬಂದರಿನ ಬಳಿ ನಮ್ಮದು ಹಂಚಿನ ಮನೆ. ಹಡಗಿನಲ್ಲಿ ಅಡುಗೆಯವನಾಗಿದ್ದ ಸೋದರಮಾವ ರಜೆಯಲ್ಲಿ ಬಂದಾಗ ಬಿಸ್ಕತ್ತಿನ ಡಬ್ಬಿ ತೆರೆದು, ತಾನು ಕೂಡಿಸಿದ ಡಾಲರುಗಳನ್ನು ಒಂದೊಂದಾಗಿ ಚಾಪೆಯ ಮೇಲಿಡುತ್ತಿದ್ದ. ಬೂದಿ ಹಾಕಿ ಉಜ್ಜಲು ಅಮ್ಮ ಕೈಚಾಚಿದರೆ, "ಬೇಡ ಅಕ್ಕ, ಆ ಕಪ್ಪೇ ಅದರ ವಯಸ್ಸು" ಎನ್ನುತ್ತಿದ್ದ. ನಾಣ್ಯ ಅಚ್ಚಾಗುವುದು ಹೇಗೆಂದೂ ಅವನೇ ಹೇಳುತ್ತಿದ್ದ. ಬೋಳು ಬೆಳ್ಳಿಯ ಬಿಲ್ಲೆಯನ್ನು ಉಕ್ಕಿನ ಎರಡು ಅಚ್ಚುಗಳ ನಡುವೆ ಇಟ್ಟು, ಸುತ್ತ ಉಕ್ಕಿನದೇ ಬಳೆ ತೊಡಿಸಿ, ಯಂತ್ರ ಒಮ್ಮೆ ಒತ್ತುತ್ತದಂತೆ. ಹೋಗಲು ಜಾಗವಿಲ್ಲದ ಬೆಳ್ಳಿ ಒಂದು ಕಡೆ ಹೆಂಗಸಿನ ಮುಖವಾಗಿ, ಇನ್ನೊಂದು ಕಡೆ ಹದ್ದಾಗಿ, ಅಂಚಿನಲ್ಲಿ ಗೆರೆಗಳಾಗಿ ನಿಲ್ಲುತ್ತದಂತೆ. "ನಿಮ್ಮ ಮೇಷ್ಟ್ರ ಹಾಗೆ ಹತ್ತು ಸಲ ಬಾರಿಸುವುದಲ್ಲ ಮಾರಾಯ, ಒಂದೇ ಏಟು!" ನನ್ನ ತಂಗಿ ವನಜ, "ಅದಕ್ಕೆ ನೋವಾಗುವುದಿಲ್ಲವಾ ಮಾಮ?" ಎಂದು ಕೇಳಿದ್ದಳು. ಮಾವ ನಕ್ಕು ಒಂದು ಡಾಲರನ್ನು ಅವಳಿಗೇ ಕೊಟ್ಟು ಹೋದ.

ಮರುವರ್ಷ ವನಜಳಿಗೆ ಸಿಡುಬು ಬಂತು. ಬಾಗಿಲಿಗೆ ಬೇವು ಕಟ್ಟಿದರು. ನೆಂಟರು ಅಂಗಳಕ್ಕೂ ಬರಲಿಲ್ಲ. ಹಗಲಿರುಳು ಅವಳ ಪಕ್ಕ ಕೂತಿದ್ದ ಅಮ್ಮ ಒಂದು ಮಧ್ಯಾಹ್ನ ಗಂಜಿ ಕಾಯಿಸಲು ಎದ್ದು ಹೇಳಿದಳು, "ತಂಪಿಗೆ ಅವಳ ಡಾಲರ್ ಬೇಕಂತೆ. ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ಕೈ ಹಿಡಿದುಕೋ ಮಗ." ಡಾಲರ್ ತಂದು ನಾನು ಹೊಸ್ತಿಲಲ್ಲೇ ನಿಂತೆ. ಒಳಗಿನ ಕತ್ತಲು, ಬೇವಿನ ಕಹಿ ಗಾಳಿ, ಗುರುತು ಸಿಗದಂತೆ ಊದಿದ ಅವಳ ಮುಖ. ಮುಟ್ಟಿದರೆ ನಾನೂ ಹೀಗೇ ಮಲಗುತ್ತೇನೆ ಎಂದುಕೊಂಡೆ. ಡಾಲರನ್ನು ನೆಲಕ್ಕಿಟ್ಟು ಪೊರಕೆಯ ಹಿಡಿಯಿಂದ ಒಳಗೆ ತಳ್ಳಿದೆ. ಅದು ಮಂಚದ ಕೆಳಗೆ ಹೋಯಿತು. ಕಣ್ಣು ತೆರೆಯಲಾಗದ ಅವಳು ಅಂಗೈ ಚಾಚಿಕೊಂಡೇ, "ಅಣ್ಣಾ, ಎಲ್ಲಿ?" ಎಂದಳು. ನಾನು ಓಡಿದೆ. "ಕೊಟ್ಟೆಯಾ?" ಎಂದಳು ಅಮ್ಮ. "ಹೂಂ, ಕೈ ಹಿಡಿದುಕೊಂಡಿದ್ದೆ" ಎಂದೆ.

ವನಜ ಉಳಿಯಲಿಲ್ಲ. ಮಂಚದಡಿ ಸಿಕ್ಕ ಡಾಲರ್ ಅವಳ ಕೈಯಿಂದ ಜಾರಿದ್ದೆಂದೇ ಅಮ್ಮ ತಿಳಿದಳು. ಮಾವ, ಅವನ ಡಬ್ಬಿ, ಆ ಮನೆ ಯಾವುದೂ ಈಗಿಲ್ಲ. ಆದರೆ ಮನೆಗೆ ಯಾರೇ ಬಂದರೂ ಅಮ್ಮ ನನ್ನ ತಲೆ ಸವರಿ ಹೇಳುತ್ತಿದ್ದ ಮಾತು ಉಳಿದಿದೆ: "ಊರೆಲ್ಲ ಹೆದರಿದಾಗ ನನ್ನ ಮಗಳ ಕೈ ಹಿಡಿದವನು ಇವನೊಬ್ಬನೇ." ಸಾಯುವ ತನಕವೂ ಹೇಳಿದಳು. ಪ್ರತಿಸಲವೂ ನಾನು ತಲೆ ತಗ್ಗಿಸಿ ಕೇಳಿದೆ. ಅದನ್ನು ಅವಳು ವಿನಯವೆಂದುಕೊಂಡಳು.