ಹೇಳಿ ತುಂಬಿಸಿದ ಉಡಿ

ಸವಿತಾ, ಆ ದಿನ ನಿನ್ನ ಉಡಿ ತುಂಬಿಸಿದವನು ನಾನೇ. ನಮ್ಮವ್ವ ಮನೆಗೆ ಬಂದ ಹುಡುಗಿಯರಿಗೆಲ್ಲ ಹಾಗೆ ತುಂಬುತ್ತಾಳೆ ಎಂದು ಗೋಕಾಕದ ಕಾಲೇಜು ಕ್ಯಾಂಟೀನಿನಲ್ಲಿ ಗೆಳೆಯರೆದುರು ಹೇಳಿದೆನಲ್ಲ — ಅದು ಸುಳ್ಳು. ಆಮೇಲೆ ಇನ್ನೊಂದು ಸುಳ್ಳು ಹೇಳಿದೆ. ಅದು ನಿನಗೆ ಗೊತ್ತಿಲ್ಲ. ಅದಕ್ಕೂ ಬರುತ್ತೇನೆ, ಬರಲೇಬೇಕು.

ನಮ್ಮ ಬ್ಯಾಚು ಹೇಗಿತ್ತೆಂದು ನಿನಗೆ ನೆನಪಿರಬೇಕು. ಸೆಮಿಸ್ಟರಿಗೊಂದು ಜೋಡಿ. ಬೈಕಿನ ಮೇಲೆ ಫಾಲ್ಸಿಗೆ ಹೋಗುವುದು, ಸೆಲ್ಫಿ ಹೊಡೆಯುವುದು, ಪರೀಕ್ಷೆಯೊಳಗೆ ಬ್ರೇಕಪ್ಪು, ಅದಕ್ಕೂ ಒಂದು ಪಾರ್ಟಿ. ಯಾರಾದರೂ ಲಗ್ನದ ಮಾತೆತ್ತಿದರೆ ಮುಗಿಯಿತು. ನನ್ನ ರೂಮಿನ ಗೆಳೆಯ ಮಲ್ಲು, "ಮದುಮಗಾ ಬಂದಾ ನೋಡ್ರಿಲೇ, ಅಂತರಪಟಾ ಹಿಡೀರಿ" ಎಂದು ವಾರಗಟ್ಟಲೆ ಜೀವ ತಿನ್ನುತ್ತಿದ್ದ. ನಾನೂ ಎಲ್ಲರ ಜೊತೆ ಹಲ್ಲು ಕಿಸಿಯುತ್ತಿದ್ದೆ. ಒಳಗೆ ಮಾತ್ರ — ನನಗೆ ಸೆಮಿಸ್ಟರಿನ ಜೋಡಿ ಬೇಕಿರಲಿಲ್ಲ. ನೀನು ಬೇಕಿದ್ದೆ, ಜನ್ಮಪೂರ್ತಿ. ಇದನ್ನು ಹೇಳಿಕೊಳ್ಳಲು ನಾಚಿಕೆಪಡುವಂಥ ಮೂರ್ಖನಾಗಿದ್ದೆ.

ನೀನು ಮೊದಲೇ ಹೇಳಿದ್ದೆ: "ಟೈಂಪಾಸ್ ಇದ್ರ ಈಗ ಹೇಳಿಬಿಡು. ನಾ ಘೋಡಗೇರಿಯಿಂದ ಬಸ್ ಹತ್ತಿ ಕಲಿಯಾಕ ಬರಾಕಿ. ನನ್ನ ಹೆಸರು ಕೆಟ್ರ ನಮ್ಮ ತಂಗೀನೂ ಕಾಲೇಜ್ ಬಿಡಸ್ತಾರ." ಅಷ್ಟು ನೇರ ಮಾತಿಗೆ ಉತ್ತರವಾಗಿ ನಮ್ಮ ಮನೆಗೆ ಬಾ ಎಂದೆ.

ನೀನು ಗೆಳತಿ ಗೀತಾಳನ್ನು ಕರೆದುಕೊಂಡು ತುಕ್ಕಾನಟ್ಟಿಗೆ ಬಂದೆ. ಅದರ ಹಿಂದಿನ ದಿನವೇ ನಾನು ಅವ್ವನಿಗೆ ಹೇಳಿಟ್ಟಿದ್ದೆ: "ಅವ್ವಾ, ನಾಳೆ ಒಬ್ಬಾಕಿ ಬರ್ತಾಳ. ನಿನ್ನ ಮನಸಿಗಿ ಬಂದ್ರ ಉಡಿ ತುಂಬು." ಅವ್ವ ಅಂದೇ ಮೂಡಲಗಿಗೆ ಹೋಗಿ ಕುಪ್ಪಸಕ್ಕೆ ಹೊಸ ಖಣ ತಂದಳು. ಮುಖ ನೋಡುವ ಮೊದಲೇ ನೀನು ಅವಳ ಮನಸ್ಸಿಗೆ ಬಂದುಬಿಟ್ಟಿದ್ದೆ. ನೀನು ಸೀರೆ ಉಟ್ಟಿರಲಿಲ್ಲ, ಚೂಡಿದಾರದ ವೇಲನ್ನೇ ಒಡ್ಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ — ಒಂದೊಂದು ಬಿದ್ದಾಗಲೂ ನೀನು ವೇಲಿನ ಅಂಚನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದೆ. ಗೀತಾಳಿಗೆ ಅವ್ವ ಕುಂಕುಮ ಮಾತ್ರ ಕೊಟ್ಟಳು. ನಮ್ಮ ಕಡೆ ಲಗ್ನವಾಗದ ಹುಡುಗಿಗೆ ಹುಡುಗನ ತಾಯಿ ಹೀಗೆ ಕರೆಸಿ ಉಡಿ ತುಂಬಿದಳೆಂದರೆ ಅದು ಮಾತು ಕೊಟ್ಟ ಹಾಗೆ. ನಿನಗೆ ಗೊತ್ತಿತ್ತು. ನನಗೂ.

ಅದನ್ನು ನಂಬಿಯೇ ನೀನು, ಸಂಕೇಶ್ವರದಿಂದ ಬಂದಿದ್ದ ಸಂಬಂಧ ಬೇಡವೆಂದು ನಿಮ್ಮವ್ವನಿಗೆ ಹೇಳಿಬಂದೆ. ನಮ್ಮ ಮನೆಯವರು ಮಾತುಕತೆಗೆ ಯಾವಾಗ ಬರುತ್ತಾರೆ ಎಂದು ಕೇಳಲು ಗೀತಾಳ ಜೊತೆ ಕ್ಯಾಂಟೀನಿಗೆ ಬಂದೆ. ಆದರೆ ಸುದ್ದಿ ನಿನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ನೀನು ಬಾಯಿ ತೆರೆಯುವಷ್ಟರಲ್ಲಿ ಮಲ್ಲು, "ಏನಲೇ, ಉಡಿ ತುಂಬೀರಂತ? ಲಗ್ನಾ ಫಿಕ್ಸ್ ಆತೇನು?" ಎಂದ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೂಂ ಎನ್ನಬೇಕಿತ್ತು, ಅಷ್ಟೇ. ಒಂದು ಹೂಂ —

"ಏ, ಎಂಥಾ ಲಗ್ನಲೇ. ನಮ್ಮವ್ವ ಮನಿಗಿ ಬಂದ ಹುಡುಗ್ಯಾರಿಗೆಲ್ಲ ಉಡಿ ತುಂಬತಾಳ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಗೀತಾ ನೆಲ ನೋಡಿದಳು, ಅವಳಿಗೆ ಸತ್ಯ ಗೊತ್ತಿತ್ತಲ್ಲ. ನೀನು ಅಳಲಿಲ್ಲ, ಬೈಯಲಿಲ್ಲ. ಮೆಲ್ಲಗೆ ಕೇಳಿದೆ: "ಹಂಗಾರ ನಮ್ಮವ್ವಗ ನಾ ಏನಂತ ಹೇಳ್ಲಿ?"

ನಾನು ಚಹಾದ ಕಪ್ಪು ಬಾಯಿಗಿಟ್ಟುಕೊಂಡೆ.

ನಾಳೆ ನಿನ್ನೊಬ್ಬಳಿಗೇ ಎಲ್ಲ ಬಿಡಿಸಿ ಹೇಳಿದರಾಯಿತು ಎಂದುಕೊಂಡಿದ್ದೆ. ಆ ನಾಳೆ ಬರಲಿಲ್ಲ. ನೀನು ಫೋನು ಎತ್ತಲಿಲ್ಲ, ನಾನು ಘೋಡಗೇರಿಯ ಬಸ್ಸು ಹತ್ತಲಿಲ್ಲ. ಬೇಸಿಗೆಯಲ್ಲಿ ಸಂಕೇಶ್ವರಕ್ಕೇ ನಿನ್ನ ಲಗ್ನವಾಯಿತೆಂದು ಕೇಳಿದೆ.

ಈಗ ಎರಡನೆಯದು. ಹುಡುಗಿಯ ಮನೆಗೆ ಯಾವಾಗ ಹೋಗೋಣ ಎಂದು ಅವ್ವ ದಿನಾ ಕೇಳುತ್ತಿದ್ದಳು. ಒಂದು ದಿನ ಸಿಟ್ಟಿನಿಂದ — ಯಾರ ಮೇಲಿನ ಸಿಟ್ಟೋ — "ಆಕೀನ ಒಲ್ಲೆ ಅಂದ್ಲವ್ವಾ, ದೊಡ್ಡ ಪಗಾರದಾಂವ ಸಿಕ್ಕಾನಂತ" ಎಂದುಬಿಟ್ಟೆ. ಅವ್ವ ನಂಬಿದಳು. ಅಂದಿನಿಂದ ಅವಳ ಬಾಯಲ್ಲಿ ನಿನ್ನ ಹೆಸರು 'ಉಡಿ ಝಾಡಿಸಿ ಹೋದಾಕಿ'. ಈಗಲೂ ನನಗೆ ಹೆಣ್ಣು ನೋಡುವಾಗ, ಅಂಥಾಕಿ ಮಾತ್ರ ಬೇಡ ಎನ್ನುತ್ತಾಳೆ. ಇಷ್ಟು ವರ್ಷ ಅದನ್ನು ಕೇಳುತ್ತಾ ಊಟ ಮಾಡಿದ್ದೇನೆ.

ಹೋದ ವರ್ಷ ಹುಕ್ಕೇರಿಯಲ್ಲಿ, ಗೀತಾಳ ತಮ್ಮನ ಲಗ್ನದಲ್ಲಿ, ನೀನು ಅವ್ವನನ್ನು ಕಂಡು ಓಡಿಬಂದೆ. ಕಂಕುಳಲ್ಲಿ ಮಗುವಿತ್ತು. ಬಗ್ಗಿ ಕಾಲು ಮುಟ್ಟಲು ಕೈ ಚಾಚಿದೆ. ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡು, "ಯಾರವ್ವಾ ನೀ? ನನಗ ಗುರ್ತ ಇಲ್ಲ" ಎಂದು ಮುಖ ತಿರುಗಿಸಿದಳು. ನೀನು ಬಗ್ಗಿದವಳು ಬಗ್ಗಿದ ಹಾಗೇ ಇದ್ದೆ. ಆಮೇಲೆ ನನ್ನ ಕಡೆ ನೋಡಿದೆ. ಏನು ತಪ್ಪು ಮಾಡಿದೆ ಎಂದು ತಿಳಿಯದವಳ ನೋಟ ಅದು. ನಾನು ಫೋನು ತೆಗೆದು ಏನೋ ಓದುವವನಂತೆ ನಿಂತೆ. ಆಗಲೂ —

ಆವತ್ತಿನಿಂದ ಕುಂತಲ್ಲಿ ಕೂರಲಾಗುತ್ತಿಲ್ಲ. ಪ್ರೀತಿ ಕಳೆದುಕೊಂಡ ದುಃಖ ಇದಲ್ಲ, ಅಷ್ಟು ದೊಡ್ಡ ಮಾತು ಆಡುವ ಅರ್ಹತೆ ನನಗಿಲ್ಲ. ನಿನ್ನ ಹೆಸರು ಕೆಡಬಾರದು ಎಂದು ನೀನು ಮೊದಲ ದಿನವೇ ಕೇಳಿಕೊಂಡಿದ್ದೆ. ಅದನ್ನು ನಾನು ನನ್ನ ಮನೆಯೊಳಗೇ ಕೆಡಿಸಿದೆ.

ಮೊನ್ನೆ ಅವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತಿತು.

"ಆ ಕೂಸು ನನ್ನ ಕಾಲ ಮುಟ್ಟಾಕ ಬಂದಿತ್ತಲ್ಲೋ," ಎಂದಳು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, "ಸಂಕೇಶ್ವರಕ್ಕ ಹೋಗಿ ನಾನ ಆಕಿ ಕೈ ಹಿಡಕೊಂಡು ತಪ್ಪಾತು ಅಂತೇನಿ," ಎಂದಳು. ನಿನ್ನ ಗಂಡನ ಮನೆಯವರು ನೀವು ಯಾರು ಎಂದು ಅವ್ವನನ್ನು ಕೇಳಿದರೆ ಅವಳು ಏನು ಹೇಳಬೇಕು? ಬೇಡ ಎಂದೆ. ಅವಳ ಪಾಲಿಗೆ ತಪ್ಪೊಪ್ಪಿಕೊಳ್ಳುವ ದಾರಿಯನ್ನೂ ನಾನು ಉಳಿಸಿಲ್ಲ.

ಅವತ್ತಿನಿಂದ ಅವ್ವ ನನ್ನ ಜೊತೆ ಮಾತಾಡಿಲ್ಲ. ತಾಟಿಗೆ ರೊಟ್ಟಿ ಹಾಕಿ ಎದ್ದು ಹೋಗುತ್ತಾಳೆ. ಮಾತಾಡು ಎಂದು ನಾನು ಕೇಳುವುದಿಲ್ಲ.