ನಾಲ್ಕನೇ ಮಹಡಿಯ ಬುಟ್ಟಿ

ಎಲ್ಲರೂ ಗೌರವದಿಂದ 'ದೊನ್ನಾ' ಎನ್ನುತ್ತಿದ್ದ ಎರ್ಸಿಲಿಯಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ನೇಪಲ್ಸಿನ ಸನಿತಾ ಕೇರಿಯಲ್ಲಿ ಅದನ್ನು ತಪ್ಪೆಂದವರಿಲ್ಲ. ಹರೆಯದಿಂದ ಮುಪ್ಪಿನವರೆಗೆ ಚರ್ಮದ ಕೈಗವಸು ಹೊಲಿದು ಸಿರಿವಂತರ ಬೆರಳು ಬೆಚ್ಚಗಿಟ್ಟವಳು, ಒಬ್ಬರ ಮುಂದೂ ಕೈಚಾಚಿದವಳಲ್ಲ. ಗಂಡ ಹೋದ, ಆಮೇಲೆ ಕಾಲಿನ ಮಂಡಿಯೂ ಹೋಯಿತು. ಊರಾಚೆಯ ಬಡಾವಣೆಯಲ್ಲಿರುವ ಮಗಳು ರೊಸಾರಿಯಾ ಫೋನು ಮಾಡಿದಾಗಲೆಲ್ಲ ಒಂದೇ ರಾಗ: "ಮೆಟ್ಲು ಹತ್ತೋಕಾಗ್ದಿದ್ದ ದಿನ ನಮ್ಮನೇಗೆ ಬಂದ್ಬಿಡ್ಬೇಕು ಅಮ್ಮಾ. ಮಾತು ಕೊಟ್ಟಿದ್ದೀಯ."

ಆ ಮನೆಯಲ್ಲಿ ಅಳಿಯನ ಟಿ.ವಿ.ಯ ಎದುರು ಕೂತು ಸಾಯುವುದಕ್ಕಿಂತ ಇಲ್ಲೇ ಸಾಯುವುದು ವಾಸಿ ಎಂದು ಅವಳ ಲೆಕ್ಕ. ಅದಕ್ಕೇ ನಾಲ್ಕನೇ ಮಹಡಿಯಿಂದ ಇಳಿಯುವುದನ್ನೇ ಬಿಟ್ಟಿದ್ದಳು. ಇಳಿಯದವಳನ್ನು ಹತ್ತು ನೋಡೋಣ ಎನ್ನುವವರಾರು?

ಅವಳ ಬದಲು ಬುಟ್ಟಿ ಇಳಿಯುತ್ತಿತ್ತು. ಬಾಲ್ಕನಿಯಿಂದ ಹಗ್ಗದಲ್ಲಿ ಬಿಟ್ಟು, "ಅನಿಯೆಲ್ಲೋ!" ಎಂದು ಕೂಗಿದರೆ ಸಾಕು, ಕೆಳಗಿನ ಅಂಗಡಿಯ ದೊನ್ ಅನಿಯೆಲ್ಲೋ ದುಡ್ಡು ತೆಗೆದುಕೊಂಡು ಬ್ರೆಡ್ಡು, ಟೊಮೆಟೊ ಇಡುತ್ತಿದ್ದ. ಆ ಕೇರಿಯಲ್ಲಿ ಬುಟ್ಟಿಗೊಂದು ಮರ್ಯಾದೆ ಇತ್ತು. ಪರರ ಬುಟ್ಟಿಗೆ ಕಳ್ಳನೂ ಕೈಹಾಕುತ್ತಿರಲಿಲ್ಲ.

ಕಳೆದ ವಾರ ಅನಿಯೆಲ್ಲೋ ಅಂಗಡಿ ಮುಚ್ಚಿದ. ಅಕ್ಕಪಕ್ಕದ ಮನೆಗಳೆಲ್ಲ ಆಗಲೇ ಪ್ರವಾಸಿಗರ ತಂಗುಮನೆಗಳಾಗಿದ್ದವು. ಗುರುತಿನವರು ಯಾರಾದರೂ ಸಿಕ್ಕಾರು ಎಂದು ಎರ್ಸಿಲಿಯಾ ದಿನವೂ ಬುಟ್ಟಿ ಇಳಿಸುತ್ತಿದ್ದಳು. ಮೇಲೆ ಬರುತ್ತಿದ್ದದ್ದು ಚಿಲ್ಲರೆ ಕಾಸು, ಅರ್ಧ ತಿಂದ ಚಾಕಲೇಟು. ಒಮ್ಮೆ ಯಾರೋ ಬಾಳೆಹಣ್ಣಿನ ಸಿಪ್ಪೆಯನ್ನೂ ಹಾಕಿದ್ದರು. ಮನೆಯಲ್ಲಿ ಬ್ರೆಡ್ಡು ಮುಗಿದು ಎರಡು ದಿನವಾಗಿತ್ತು.

ಆ ಬೆಳಿಗ್ಗೆ ಇದರ ಹಿಂದಿನ ಕೈ ಯಾರದೆಂದು ಕಣ್ಣಾರೆ ಕಂಡಳು. ಹಿಂದೆ ನೆರೆಮನೆಯಲ್ಲಿದ್ದ ತಿತೀನಾಳ ಮಗ ಫೌಸ್ತೋ! ಇದೇ ಓಣಿಯಲ್ಲಿ ಚಡ್ಡಿ ಜಾರಿಸಿಕೊಂಡು ಓಡಾಡಿದವನು ಈಗ ಕೊಡೆ ಎತ್ತಿ ಹಿಡಿದು ಮಿಲಾನಿನ ಪ್ರವಾಸಿಗರಿಗೆ ಊರು ತೋರಿಸುತ್ತಿದ್ದ. "ಅವಸರವಿಲ್ಲ, ನಿಧಾನವಾಗಿ ನೋಡಿ. ಇದು ಬಡ ಅಜ್ಜಿಯ ಬುಟ್ಟಿ. ಏನಾದರೂ ಹಾಕಿದರೆ ಅದೃಷ್ಟ ಖುಲಾಯಿಸುತ್ತೆ."

ಎರ್ಸಿಲಿಯಾಳ ಮೈಯೆಲ್ಲ ಉರಿದುಹೋಯಿತು. ಕಂಬಿಗೆ ಎದೆ ಒತ್ತಿ ಅರಚಿದಳು: "ಲೋ ಹಲ್ಕಾ! ನನ್ನ ಭಿಕ್ಷುಕಿ ಮಾಡಿದ್ಯಾ? ನಿನ್ನ ಮನೇಲಿ ಸತ್ತೋರಿಗೆ ಗೋರೀಲೂ ನಿದ್ದೆ ಹತ್ತದೇ ಇರ್ಲಿ! ಅವರಿಗೂ ಅಷ್ಟೇ, ಅಲ್ಲಿ ಹಲ್ಕಿರಿತಿದಾರಲ್ಲ, ಅವರ ಸತ್ತೋರಿಗೂ!"

ಸತ್ತವರನ್ನು ಬೈಯುವುದೆಂದರೆ ಆ ಊರಿನಲ್ಲಿ ಚಾಕು ಹೊರಬರುವ ಮಾತು. ಆದರೆ ಮಿಲಾನಿನವರಿಗೆ ನೇಪಲ್ಸಿನ ಆಡುಮಾತು ತಿಳಿಯದು. ಫೌಸ್ತೋ ಶುದ್ಧ ಇಟಾಲಿಯನ್ನಿನಲ್ಲಿ ಬಿಡಿಸಿ ಹೇಳಿದ: "ನಿಮ್ಮ ಮನೆಯ ಹಿರಿಯರ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಹರಸುತ್ತಿದ್ದಾರೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಮುತ್ತನ್ನೂ ತೂರಿದಳು.

ಶುದ್ಧ ಇಟಾಲಿಯನ್ ಎರ್ಸಿಲಿಯಾಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಬೈದದ್ದಕ್ಕೆ ತಿರುಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬೈಗುಳವನ್ನೂ ಕಿತ್ತುಕೊಂಡರಲ್ಲ! ಚಪ್ಪಲಿ ಕೈಗೆ ತೆಗೆದುಕೊಂಡು ಬಾಗಿಲು ದಾಟಿದಳು. ಮಂಡಿ, ಮಗಳು, ಮಾತು ಯಾವುದೂ ನೆನಪಾಗಲಿಲ್ಲ. ಸಿಟ್ಟೇ ಅವಳನ್ನು ನಾಲ್ಕು ಮಹಡಿ ಇಳಿಸಿತು. ಕೆಳಗೆ ಬಂದು ಫೌಸ್ತೋನ ಬೆನ್ನಿಗೆ ಎರಡು ಬಿಗಿದಳು. ಮೂರನೆಯದಕ್ಕೆ ಕೈ ಎತ್ತುವಾಗ ಕಾಲು ಕುಸಿದು ಹೊಸಿಲ ಮೇಲೆ ಕೂತುಬಿಟ್ಟಳು. ಸುತ್ತಲೂ ಫೋಟೋ ತೆಗೆಯುತ್ತಿದ್ದರು.

ಫೌಸ್ತೋನ ಮುಖ ಬಿಳಿಚಿತು. "ದೊನ್ನಾ ಎರ್ಸಿಲಿಯಾ, ನೀವ್ಯಾಕೆ ಇಳಿದ್ರಿ? ರೊಸಾರಿಯಕ್ಕಂಗೆ ಫೋನ್ ಮಾಡ್ಲಾ?"

"ಮಾಡಿ ನೋಡು, ನಾಲಿಗೆ ಸೀಳ್ಬಿಡ್ತೀನಿ."

"ಮತ್ತೆ ಮೇಲಕ್ಕೆ ಹೋಗೋದು ಹೇಗೆ?"

ಅವಳು ಮೆಟ್ಟಿಲುಗಳ ಕತ್ತಲೆಯನ್ನು ನೋಡಿದಳು. ಮೊದಲ ಬಾರಿಗೆ ಹೆದರಿಕೆಯಾಯಿತು. ಫೌಸ್ತೋ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತ. ಆ ಬೆನ್ನನ್ನು ಒದೆಯಬೇಕೆನಿಸಿತು. ಹಲ್ಲು ಕಚ್ಚಿ ಅದರ ಮೇಲೇ ಏರಿದಳು. ದಾರಿಯುದ್ದಕ್ಕೂ ಅವನ ಕಿವಿ ಹಿಂಡುತ್ತಾ ಬೈದಳು. ಅವನು ಏದುಸಿರು ಬಿಡುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಕೆಳಗಿನಿಂದ ಇನ್ನೊಂದು ಚಪ್ಪಾಳೆ ಕೇಳಿಸಿತು.

ಬಾಗಿಲಲ್ಲಿ ಇಳಿದವಳೇ ಹೇಳಿದಳು: "ನಾಳೆಯಿಂದ ಅವರನ್ನ ಇಲ್ಲಿಗೆ ಕರ್ಕೊಂಡು ಬರ್ಬೇಡ."

ಫೌಸ್ತೋ ನೆಲ ನೋಡಿದ. "ನಾಳೆ ಎರಡು ಗುಂಪಿದೆ, ದೊನ್ನಾ ಎರ್ಸಿಲಿಯಾ. ಬೇಡ ಅಂದ್ರೆ ನನ್ನ ಹೊಟ್ಟೆಪಾಡು?"

ಅವಳ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಓಣಿಯಲ್ಲಿ ಅವಳ ಹೆಸರು ಹಿಡಿದು ಕರೆಯಲು ಉಳಿದವನು ಈ ಹಲ್ಕಟ್ಟೊಬ್ಬನೇ. ಅದು ತಿಳಿದು ಅವಳಿಗೆ ಅವನ ಮೇಲಿನದಕ್ಕಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು.

"ಬರೋವಾಗ ಒಂದು ಬ್ರೆಡ್ಡು ತಗೊಂಡ್ಬಾ," ಎಂದಳು. "ದುಡ್ಡು ಕೊಡ್ತೀನಿ. ಧರ್ಮಕ್ಕೆ ತಂದ್ರೆ ಮುಖಕ್ಕೆ ಎಸೀತೀನಿ."

ಬಾಗಿಲು ಧಡಾರನೆ ಹಾಕಿಕೊಂಡಳು.